ಅತ್ತಿಗೆಯ ಮನೆಯ ಗೀಸರ್

ಆ ಬಡಾವಣೆಯಲ್ಲಿ ಗೀಸರ್ ಮೇಸ್ತ್ರಿಗೆ ಒಳ್ಳೆಯ ಹೆಸರಿತ್ತು. ಕರೆದ ದಿನವೇ ಬರುತ್ತಾನೆ, ಕೆಲಸ ಮುಗಿದ ಮೇಲೆ ಬಚ್ಚಲಿನ ನೆಲವನ್ನೂ ಒರೆಸಿ ಹೋಗುತ್ತಾನೆ ಎಂದು ಜನ ಹೇಳುತ್ತಿದ್ದರು. ಕರೆದರೂ ಅವನು ನಾಳೆ ನಾಡಿದ್ದು ಎನ್ನುತ್ತಿದ್ದದ್ದು ಒಂದೇ ಮನೆಗೆ. ಅದು ಅವನ ಅಣ್ಣನ ಮನೆ. ಗಿರಾಕಿ ಕಾಯುವುದಿಲ್ಲ, ಮನೆಯವರು ಕಾಯುತ್ತಾರೆ ಎಂದು ಅವನು ನಂಬಿದ್ದ.

ಅಣ್ಣ ಬಸ್ ಓಡಿಸುತ್ತಿದ್ದ. ಅತ್ತಿಗೆ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಇಡೀ ಬೀದಿಗೆ ಬಟ್ಟೆ ಹೊಲಿದುಕೊಡುತ್ತಿದ್ದಳು. ಅವಳು ಮದುವೆಯಾಗಿ ಬಂದಾಗ ಮೇಸ್ತ್ರಿಗೆ ಒಂಬತ್ತು ವರ್ಷ, ತಾಯಿ ಇರಲಿಲ್ಲ. ತಲೆ ಬಾಚಿ ಶಾಲೆಗೆ ಕಳಿಸಿದವಳೂ ಅವಳೇ, ಫೇಲಾದಾಗ ಅಣ್ಣನ ಏಟಿಗೆ ಅಡ್ಡ ನಿಂತವಳೂ ಅವಳೇ.

ಒಂದು ದಿನ ಅವಳು ಫೋನ್ ಮಾಡಿದಳು. "ಗೀಸರ್‌ನಿಂದ ಟಿಪ್ ಟಿಪ್ ಅಂತ ನೀರು ತೊಟ್ಟಿಕ್ತಾ ಇದೆ ಕಣೋ. ತಲೆ ತಿಂದುಹಾಕ್ತಿದೆ. ಹೇಗಾದ್ರೂ ಮಾಡಿ ನಿಲ್ಲಿಸು."

ಆ ದಾರಿಯಲ್ಲೇ ಹೋಗುತ್ತಿದ್ದ ಮೇಸ್ತ್ರಿ ಒಳಗೆ ಬಂದು ಸ್ಟೂಲ್ ಹತ್ತಿದ. ಸೋರುತ್ತಿದ್ದದ್ದು ಸೇಫ್ಟಿ ವಾಲ್ವ್. ಹೆಬ್ಬೆರಳು ಗಾತ್ರದ ಹಿತ್ತಾಳೆಯ ತುಂಡು. ಟ್ಯಾಂಕಿನೊಳಗೆ ಒತ್ತಡ ಹೆಚ್ಚಾದರೆ ತಾನಾಗಿ ತೆರೆದು ನೀರನ್ನು ಹೊರಗೆ ಬಿಡುವುದು ಅದರ ಕೆಲಸ. ಗಡಸು ನೀರಿನ ಸುಣ್ಣ ಕಟ್ಟಿ ಹಾಳಾಗಿತ್ತು. ಚೀಲದಲ್ಲಿ ಹೊಸದಿರಲಿಲ್ಲ. ಎದುರು ಬೀದಿಯ ಗಿರಾಕಿ ಎರಡು ಸಲ ಫೋನ್ ಮಾಡಿಯಾಗಿತ್ತು. ಅವನು ವಾಲ್ವಿನ ಬಾಯಿಗೆ ಒಂದು ಬಿರಡೆ ತಿರುಗಿಸಿ ಬಿಗಿದ. ಎರಡು ನಿಮಿಷವೂ ಹಿಡಿಯಲಿಲ್ಲ.

"ಸದ್ಯಕ್ಕೆ ಇರಲಿ ಅತ್ತಿಗೆ. ಭಾನುವಾರ ಹೊಸದು ತಂದು ಹಾಕ್ತೀನಿ."

ಮೂರು ಭಾನುವಾರ ಕಳೆದವು. ಅತ್ತಿಗೆ ಮತ್ತೆ ಫೋನ್ ಮಾಡಿದಳು. "ನಿನ್ನ ಭಾನುವಾರ ಯಾವ ಕ್ಯಾಲೆಂಡರ್‌ನಲ್ಲಿ ಬರುತ್ತೆ ಹೇಳು, ಅದನ್ನೇ ತಂದು ಗೋಡೆಗೆ ಹಾಕ್ತೀನಿ. ಈ ಗೀಸರ್ ಒಳಗೆ ಯಾರೋ ಕಲ್ಲು ಉರುಳಿಸೋ ಹಾಗೆ ಸದ್ದು ಮಾಡುತ್ತಪ್ಪ. ನೀರೂ ವಿಪರೀತ ಸುಡುತ್ತೆ."

"ಸುಣ್ಣ ಕಟ್ಟಿದೆ ಅಷ್ಟೆ, ಏನಾಗಲ್ಲ," ಎಂದ ಅವನು. ಅವನ ಒಂದು ಕೈಯಲ್ಲಿ ಸ್ಪ್ಯಾನರ್ ಇತ್ತು, ಫೋನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಬೇರೆ ಯಾರಾದರೂ ಇದೇ ಮಾತು ಹೇಳಿದ್ದರೆ, "ಮೊದಲು ಸ್ವಿಚ್ ಆರಿಸಿ, ನಾನು ಬರೋವರೆಗೂ ಮುಟ್ಟಬೇಡಿ," ಎನ್ನುತ್ತಿದ್ದ. ಅತ್ತಿಗೆಗೆ ಆ ಒಂದು ಮಾತು ಹೇಳಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಥರ್ಮೋಸ್ಟಾಟ್ ಅಂಟಿಕೊಂಡಿತು. ತಾನಾಗಿ ಆರಬೇಕಿದ್ದ ಗೀಸರ್ ಆರದೆ ಕಾಯುತ್ತಲೇ ಹೋಯಿತು. ಪರದೆಯೊಂದರ ಅಂಚು ಹೊಲಿದು ಮುಗಿಸಿ ಎದ್ದ ಅತ್ತಿಗೆ ಬಕೆಟ್ ಇಟ್ಟು ನಲ್ಲಿ ತಿರುಗಿಸಿದಳು. ಮೊದಲು ಹಬೆ ನುಗ್ಗಿತು, ಹಿಂದೆಯೇ ಪೈಪಿನ ಕೀಲು ಕಳಚಿ ಕುದಿನೀರು ಚಿಮ್ಮಿತು. ಬಲಗೈ ಮೊಣಕೈಯಿಂದ ಬೆರಳಿನವರೆಗೂ ಬೆಂದುಹೋಯಿತು, ಕುತ್ತಿಗೆಯ ಒಂದು ಬದಿಯೂ.

ಆಸ್ಪತ್ರೆಯ ವರಾಂಡದಲ್ಲಿ ಅಣ್ಣ ಯೂನಿಫಾರ್ಮಿನಲ್ಲೇ ಕೂತಿದ್ದ. "ಕಂಪನಿಯವರನ್ನ ಸುಮ್ನೆ ಬಿಡಲ್ಲ," ಎಂದ. "ನೀನು ಮನೆಗೆ ಹೋಗಿ ನೋಡು, ಏನು ಕೆಟ್ಟಿದೆ ಅಂತ ಬರ್ಕೊಂಡು ಬಾ. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗುತ್ತೆ?"

ಮೇಸ್ತ್ರಿ ಹೋದ. ಬಚ್ಚಲಿನ ಗೋಡೆ ಇನ್ನೂ ಒದ್ದೆಯಾಗಿತ್ತು. ಅವನು ಬಿರಡೆ ಬಿಚ್ಚಿ ಜೇಬಿಗೆ ಹಾಕಿಕೊಂಡ. ಇಷ್ಟಕ್ಕೇ ಎಲ್ಲವೂ ಮುಗಿಯುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೀದಿಯ ಕೊನೆಯವರೆಗೆ ನಡೆದವನು ಅಲ್ಲಿಂದ ಮುಂದೆ ಹೋಗಲಾರದೆ ಸ್ವಲ್ಪ ಹೊತ್ತು ನಿಂತ. ಆಮೇಲೆ ಆಸ್ಪತ್ರೆಗೆ ಬಂದು ಬಿರಡೆಯನ್ನು ಅಣ್ಣನ ಅಂಗೈಯಲ್ಲಿಟ್ಟ.

"ಕಂಪನಿಯದಲ್ಲ ತಪ್ಪು. ಇದನ್ನ ಹಾಕಿದ್ದು ನಾನು."

ಅಣ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವನು ಬೈಯಲಿಲ್ಲ, ಹೊಡೆಯಲೂ ಇಲ್ಲ. ಎದ್ದು ಹೋಗಿ ಬೇರೆ ಬೆಂಚಿನಲ್ಲಿ ಕೂತ.

ಅತ್ತಿಗೆಗೆ ಹೇಳಿದಾಗ ಅವಳು ಚಾವಣಿ ನೋಡುತ್ತಾ, "ನಿಲ್ಲಿಸು ಅಂತ ನಾನೇ ತಾನೆ ಹೇಳಿದ್ದು," ಎಂದಳು.

"ನೀವು ಹೇಳಿದ್ದು ಸೋರೋದನ್ನ ನಿಲ್ಲಿಸೋಕೆ. ನಾನು ದಾರೀನೇ ಮುಚ್ಚಿಬಿಟ್ಟೆ."

ಅವಳು ಕಣ್ಣು ಮುಚ್ಚಿಕೊಂಡಳು. ನೋವಿಗೋ, ಮಾತು ಬೇಡವೆಂದೋ ಅವನಿಗೆ ತಿಳಿಯಲಿಲ್ಲ.

ಅಂಥ ಬಿರಡೆ ಹಾಕಿದ ಮನೆಗಳು ಇನ್ನೂ ಇದ್ದವು. ಎಲ್ಲವನ್ನೂ ನೆನಪು ಮಾಡಿಕೊಂಡು ಬರೆದಿಟ್ಟ. ವಾರವಿಡೀ ಬಾಗಿಲು ತಟ್ಟಿ, ಯಾರೂ ಕರೆಯದಿದ್ದರೂ ಒಳಗೆ ಹೋಗಿ ಹೊಸ ವಾಲ್ವ್ ಹಾಕಿ ಬಂದ. "ಚೆನ್ನಾಗೇ ಇತ್ತಲ್ಲ, ಯಾಕೆ ಬಿಚ್ತೀಯ?" ಎಂದು ಒಬ್ಬ ಟೀಚರಮ್ಮ ಕೇಳಿದರು. "ಚೆನ್ನಾಗಿರಲಿಲ್ಲಮ್ಮ, ನಾನೇ ತಪ್ಪು ಮಾಡಿದ್ದೆ," ಎಂದ. ಕೆಲವರು ಆಮೇಲೆ ಅವನನ್ನು ಕರೆಯುವುದನ್ನೇ ಬಿಟ್ಟರು.

ಅತ್ತಿಗೆಯ ಗಾಯ ಮಾಗಿತು. ಎರಡು ಬೆರಳು ಮಾತ್ರ ಮಡಚಲು ಬರಲಿಲ್ಲ. ಮಷೀನಿನಲ್ಲಿ ನೇರ ಹೊಲಿಗೆ ಹಾಕಬಲ್ಲಳು. ಗುಂಡಿ ಹಾಕುವಂಥ, ಸೂಜಿ ಹಿಡಿದು ಮಾಡುವ ಕೆಲಸ ಆಗದು. ಬೀದಿಯವರು ಬಟ್ಟೆಗಳನ್ನು ಬೇರೆ ಕಡೆ ಕೊಡತೊಡಗಿದರು.

ಐದು ತಿಂಗಳ ಮೇಲೆ ಒಂದು ಸಂಜೆ ಮೇಸ್ತ್ರಿ ಆ ಮನೆಗೆ ಹೋದ. ಬಚ್ಚಲಿನಲ್ಲಿ ಹೊಸ ಗೀಸರ್ ಇತ್ತು. ಅವನ ಕಣ್ಣು ತಾನಾಗಿ ಪ್ರತಿಯೊಂದು ಕೀಲನ್ನೂ ನೋಡಿತು.

"ನಿಮ್ಮಣ್ಣ ಬೇರೆಯವರನ್ನ ಕರೆಸಿದ್ರು," ಎಂದಳು ಅತ್ತಿಗೆ, ಅಪರಾಧ ತನ್ನದೇ ಎಂಬಂತೆ.

"ಚೆನ್ನಾಗಿ ಹಾಕಿದ್ದಾನೆ," ಎಂದ ಅವನು. ಅದು ನಿಜವೂ ಆಗಿತ್ತು.

ಅಷ್ಟರಲ್ಲಿ ಅಣ್ಣ ಡ್ಯೂಟಿ ಮುಗಿಸಿ ಬಂದ. ತಮ್ಮನನ್ನು ನೋಡಿ ನೇರ ಒಳಗೆ ಹೋದ. ಒಳಕೋಣೆಯಿಂದ ಹೆಂಡತಿಗೆ ಮಾತ್ರ ಕೇಳಿಸುವಂತೆ ಹೇಳಿದ, ಆದರೆ ಪುಟ್ಟ ಮನೆಯಲ್ಲಿ ಇಬ್ಬರಿಗೂ ಕೇಳಿಸಿತು: "ಊಟ ಮಾಡ್ಕೊಂಡು ಹೋಗಲಿ."

ಮೂವರೂ ಕೂತು ಉಂಡರು. ಅತ್ತಿಗೆ ಎಡಗೈಯಲ್ಲಿ ಚಮಚ ಹಿಡಿದು ನಿಧಾನವಾಗಿ ತಿನ್ನುತ್ತಿದ್ದಳು. ಮೇಸ್ತ್ರಿ ತಟ್ಟೆಯಿಂದ ತಲೆಯೆತ್ತಲಿಲ್ಲ. ಅಣ್ಣ ಅವನತ್ತ ನೋಡದೆ ನೀರಿನ ಲೋಟವನ್ನು ಅವನ ತಟ್ಟೆಯ ಪಕ್ಕಕ್ಕೆ ಸರಿಸಿದ.