ಎತ್ತದ ಕೈ

ತಿಮೊಫೇ ಶವಪೆಟ್ಟಿಗೆಯ ಅಡಿಗೆ ಹಗ್ಗ ತೂರಿಸುತ್ತಿದ್ದಾಗ ಜಿನಾಯಿದಾ ಉದ್ದನೆಯ ಟವಲುಗಳನ್ನು ಹಿಡಿದು ಅಡ್ಡ ಬಂದಳು. ಸತ್ತ ಪ್ರೋಖರ್‌ಗೆ ಇಪ್ಪತ್ತು ವರ್ಷ ಸೂಪು ಬಡಿಸಿದ, ಕಾಡ್ಗಿಚ್ಚು ಆರಿಸುವ ದಳದ ಅಡುಗೆಯವಳು ಅವಳು.

“ಹೆಣಾನ ಟವಲಲ್ಲಿ ಇಳಿಸ್ತಾರೆ ಕಣೋ. ಮೂಟೆ ಅಂದ್ಕೊಂಡ್ಯಾ?”

“ನಮ್ಮನ್ನೆಲ್ಲ ಹಗ್ಗದಲ್ಲೇ ಇಳಿಸಿದ್ನಲ್ಲಕ್ಕಾ. ಅವನನ್ನೂ ಹಾಗೇ ಇಳಿಸ್ತೀವಿ.”

“ಹನ್ನೊಂದು ವರ್ಷ ಮಾತೇ ಆಡಿಸದೋನಿಗೆ ಈಗ ಅಕ್ಕರೆ ಉಕ್ಕಿ ಬಂತು!”

ತಿಮೊಫೇ ಹಗ್ಗದ ತುದಿಯನ್ನು ಆಚೆ ಬದಿಗೆ ಎಳೆದುಕೊಂಡ. ಸೈಬೀರಿಯದ ಆ ಮೂಲೆಯ ಸ್ಮಶಾನಕ್ಕೆ ಬಂದವರು ಆರೇ ಜನ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಪ್ರೋಖರ್‌ಗೆ ತನ್ನವರೆಂದು ಇದ್ದದ್ದು ತಾನು ಕಾಡಿಗೆ ಇಳಿಸಿದವರು ಮಾತ್ರ.

*

ಕಾಡ್ಗಿಚ್ಚು ಎದ್ದಲ್ಲಿಗೆ ದಾರಿಯಿರುವುದಿಲ್ಲ. ಹೆಲಿಕಾಪ್ಟರಿನ ಬಾಗಿಲಲ್ಲಿ ಮಂಡಿಯೂರಿ ದಳದವರನ್ನು ಒಬ್ಬೊಬ್ಬರನ್ನಾಗಿ ಹಗ್ಗದಲ್ಲಿ ಇಳಿಸುವುದು ಪ್ರೋಖರ್‌ನ ಕೆಲಸ. ನೆಲ ಮುಟ್ಟಿದವನು ತಾನು ಕ್ಷೇಮವೆಂದು ಎರಡೂ ಕೈ ತಲೆಯ ಮೇಲೆತ್ತಿ ತೋರಿಸಬೇಕು. ಅದನ್ನು ಕಾಣದೆ ಅವನು ಹಗ್ಗ ಎಳೆದುಕೊಳ್ಳುತ್ತಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಒಂದು ದಿನ ತಿಮೊಫೇ ಇಳಿಯುವಾಗ ಹಗ್ಗ ಕೊಂಬೆಗೆ ಸಿಕ್ಕಿಬಿತ್ತು, ಹೆಲಿಕಾಪ್ಟರ್ ವಾಲತೊಡಗಿತು. ಒಳಗೆ ಇನ್ನೂ ಐವರಿದ್ದರು. ಪ್ರೋಖರ್ ಹಗ್ಗ ಕತ್ತರಿಸಿದ. ಎರಡಾಳೆತ್ತರದಿಂದ ಬಿದ್ದ ತಿಮೊಫೇಯ ಕಾಲು ಮುರಿಯಿತು. ಕೈಗಳಿಗೆ ಏನೂ ಆಗಿರಲಿಲ್ಲ. ಸಿಟ್ಟು ಮಾತ್ರ ನೆತ್ತಿಗೇರಿತ್ತು. ಕತ್ತರಿಸಿದವನು ಒದ್ದಾಡಲಿ ಎಂದು ಕೈ ಎತ್ತದೆ ಹಾಗೇ ಬಿದ್ದುಕೊಂಡ. ಹೆಲಿಕಾಪ್ಟರ್ ಮೂರು ಸುತ್ತು ಹಾಕಿತು. ಪ್ರೋಖರ್ ಅರ್ಧ ಮೈ ಹೊರಗೆ ಚಾಚಿ ನೋಡುತ್ತಿದ್ದ. ಇಂಧನ ಸಾಲದೆ ಹೊರಟುಹೋಯಿತು. ನಡೆದು ಬಂದ ತಂಡ ತಿಮೊಫೇಯನ್ನು ಹೊತ್ತು ತಂದದ್ದು ಎರಡು ದಿನದ ಮೇಲೆ.

ಪ್ರೋಖರ್ ಮತ್ತೆ ಹೆಲಿಕಾಪ್ಟರ್ ಹತ್ತಲಿಲ್ಲ. ದಳದ ಶೆಡ್ಡಿನಲ್ಲಿ ಒಬ್ಬನೇ ಹಗ್ಗ ಸುತ್ತುತ್ತ ಉಳಿದುಬಿಟ್ಟ. ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ನಿಜ ಹೇಳಬೇಕಾದೀತೆಂದು ತಿಮೊಫೇ ಅವನಿಂದ ತಪ್ಪಿಸಿಕೊಂಡು ತಿರುಗಿದ. ಜನ ಅದನ್ನು ಮುನಿಸು ಅಂದುಕೊಂಡರು.

*

ಪೆಟ್ಟಿಗೆ ತಳ ಮುಟ್ಟಿತು.

“ಹಗ್ಗ ಎಳ್ಕೊಳ್ರೋ,” ಎಂದಳು ಜಿನಾಯಿದಾ.

“ಇರಕ್ಕಾ,” ಎಂದ ತಿಮೊಫೇ. “ಅವತ್ತು ನಂಗೆ ಪ್ರಜ್ಞೆ ಇತ್ತು. ಬೇಕಂತ್ಲೇ ಕೈ ಎತ್ತಲಿಲ್ಲ.”

ಜಿನಾಯಿದಾ ಟವಲುಗಳನ್ನು ಅವನ ಎದೆಗೆ ಎಸೆದಳು.

“ಪಾಪಿ! ಸಾಯೋ ಹಿಂದಿನ ದಿನಾನೂ ಕೇಳಿದ್ನಲ್ಲೋ, ‘ತಿಮೊಫೇ ಕೈ ಎತ್ತಿದ್ನಾ ಜೀನಾ, ಹೊಗೇಲಿ ನಂಗೇ ಕಾಣಿಸ್ಲಿಲ್ವಾ’ ಅಂತ.”

ತಿಮೊಫೇ ಕುಂಟುತ್ತ ಗುಂಡಿಯ ಅಂಚಿಗೆ ಹೋಗಿ ಎರಡೂ ಕೈಗಳನ್ನು ತಲೆಯ ಮೇಲೆತ್ತಿ ನಿಂತ. ತೋಳು ನೋಯತೊಡಗಿದರೂ ಇಳಿಸಲಿಲ್ಲ. ಹಗ್ಗದ ತುದಿ ಹಿಡಿದ ನಾಲ್ವರು ಎಳೆದುಕೊಳ್ಳದೆ ಕಾದರು.