ಎರಡು ಕೋಣೆಗೆ ಒಂದೇ ಆಂಪ್ಲಿಫೈಯರ್

"ಏನೋ ಫೆಲೇಟಿ, ಜೈಲಲ್ಲಿ ಯಾರಿಗೆ ಹೆಂಡ್ತಿಯಾಗಿದ್ದೆ? ಹೇಳು, ಎಲ್ರೂ ಕೇಳ್ಲಿ."

ದೊಡ್ಡಪ್ಪನ ಮಗ ಕೆಪು ಇದನ್ನು ಬರೀ ಬಾಯಲ್ಲಿ ಹೇಳಿದ್ದರೆ ಗ್ಯಾರೇಜಿನಲ್ಲಿದ್ದ ಗಂಡಸರು ನಕ್ಕು, ಇನ್ನೊಂದು ಚಿಪ್ಪು ಕಾವಾ ಬೇರಿನ ರಸ ಕುಡಿದು ಮರೆತುಬಿಡುತ್ತಿದ್ದರು. ಆ ನಾಯಿ ಹೇಳಿದ್ದು ಮೈಕಿನಲ್ಲಿ. ಹೊಸ ಆಂಪ್ಲಿಫೈಯರ್ ಜೊತೆ ಬಂದ ಮೈಕು, ಮೇಲಿನ ಪ್ಲಾಸ್ಟಿಕ್ಕನ್ನೂ ಇನ್ನೂ ಕಿತ್ತಿರಲಿಲ್ಲ. ಮಾತು ಗ್ಯಾರೇಜಿನ ಎರಡು ಸ್ಪೀಕರುಗಳಿಂದ ಹೊರಬಿತ್ತು. ಅಂಗಳದಾಚೆ, ಮನೆಯೊಳಗೆ ಹೆಂಗಸರು ಕೂತಿದ್ದ ಕೋಣೆಯ ಎರಡು ಸ್ಪೀಕರುಗಳಿಂದಲೂ ಹೊರಬಿತ್ತು. ಅಲ್ಲಿ ಫೆಲೇಟಿಯ ತಂಗಿ ಲುಪೆ ಇದ್ದಳು. ಆ ಕಡೆಯಿಂದ ಒಂದು ತಟ್ಟೆ ಬಿದ್ದು ಒಡೆದ ಸದ್ದು ಬಂತು.

ಗ್ಯಾರೇಜಿನಲ್ಲಿ ಯಾರೂ ನಗಲಿಲ್ಲ.

ನಮ್ಮ ಟೋಂಗಾದವರಲ್ಲಿ ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಕೂತು ಟೀವಿ ನೋಡುವುದಿಲ್ಲ. ಪರದೆ ಮೇಲೆ ಯಾವನೋ ಯಾವಳಿಗೋ ಮುತ್ತು ಕೊಟ್ಟರೆ ಇಬ್ಬರೂ ನಾಚಿಕೆಯಿಂದ ನೆಲದೊಳಕ್ಕೆ ಇಳಿದುಹೋಗಬೇಕಾಗುತ್ತದೆ. ತಂಗಿಯ ಕಿವಿಗೆ ಬೀಳುವಂತೆ ಅಣ್ಣನಿಗೆ ಹೊಲಸು ಆಡಿದವನ ಹಲ್ಲು ಅವನ ಬಾಯಲ್ಲಿ ಉಳಿಯಬಾರದು. ಸಿಡ್ನಿಗೆ ಬಂದು ಎಷ್ಟು ವರ್ಷವಾದರೂ ಇದೊಂದು ಮಾತ್ರ ಯಾರಿಗೂ ಮರೆತಿಲ್ಲ. ದೊಡ್ಡಪ್ಪನ ಮಕ್ಕಳೂ ಒಡಹುಟ್ಟಿದವರೇ, ಹಾಗಾಗಿ ಲುಪೆ ಕೆಪುವಿಗೂ ತಂಗಿ. ಅವನು ಉಗಿದದ್ದು ತನ್ನ ತಟ್ಟೆಗೇ.

ವೈರು ಎಳೆದದ್ದು ಫೆಲೇಟಿಯೇ. ಬೆಳಿಗ್ಗೆ ಏಣಿ ಹಾಕಿ, ಗ್ಯಾರೇಜಿನ ಮಾಡಿನಿಂದ ಮನೆಯ ಕಿಟಕಿಯವರೆಗೆ, ಬಟ್ಟೆ ಒಣಗಿಸುವ ತಂತಿಗೆ ಸುತ್ತಿ ಸುತ್ತಿ ತಂದಿದ್ದ. ಮಧ್ಯಾಹ್ನ ಟೋಂಗಾ ತಂಡದ ರಗ್ಬಿ ಪಂದ್ಯ. ಗಂಡಸರಿಗೆ ಗ್ಯಾರೇಜಿನ ದೊಡ್ಡ ಪರದೆ, ಹೆಂಗಸರಿಗೆ ಒಳಗಿನ ಟೀವಿ, ಇಬ್ಬರಿಗೂ ಒಂದೇ ಸದ್ದು. ಅಪ್ಪ ಅಮ್ಮ ಹೋದ ಮೇಲೆ ಅವನಿಗೆ ಅಂತ ಇದ್ದವಳು ಲುಪೆ ಒಬ್ಬಳೇ. ಅವನು ಜೈಲಿನಲ್ಲಿದ್ದಾಗ ಪ್ರತಿ ಭಾನುವಾರ ಬಸ್ಸು ಹಿಡಿದು ಬಂದು ಗಾಜಿನಾಚೆ ಕೂತು ಹೋಗುತ್ತಿದ್ದಳು. ಅವಳಿಗೆ ಏನು ಹೇಳಬೇಕೋ ಅವನ ನಾಲಿಗೆಗೆ ಬರಲಿಲ್ಲ. ಸ್ಪೀಕರ್ ತಂದ.

ಜಗಳ ಹುಟ್ಟಿದ್ದು ಆಂಪ್ಲಿಫೈಯರ್ ವಿಷಯಕ್ಕೆ. ಫೆಲೇಟಿ ಹಳೇ ಸಾಮಾನಿನ ಅಂಗಡಿಯಿಂದ ಒಂದನ್ನು ಹೊತ್ತು ತಂದಿದ್ದ. ಕಪ್ಪು, ಮೂಲೆ ನೆಗ್ಗಿದ್ದು, ಬೆನ್ನಿನ ಮೇಲೆ ಬರೀ ನೂರು ವ್ಯಾಟ್ ಅಂತ ಬರೆದದ್ದು, ಎತ್ತಿದರೆ ಸೊಂಟ ಕಳಚುವಷ್ಟು ಭಾರ. ಕೆಪು ತಂದದ್ದು ಹೊಸದು. ನೀಲಿ ದೀಪ, ಮೈಕು, ಡಬ್ಬಿಯ ಮೇಲೆ ಅಂಗೈಯಗಲದ ಅಕ್ಷರದಲ್ಲಿ ಎರಡು ಸಾವಿರ ವ್ಯಾಟ್. ಅದನ್ನು ಒಂದು ಬೆರಳಲ್ಲಿ ಎತ್ತಬಹುದಿತ್ತು. ಎರಡು ಜೋಡಿ ಸ್ಪೀಕರನ್ನು ಒಂದಕ್ಕೇ ಕಟ್ಟಿದರೆ ಅದರ ಮೇಲೆ ಬೀಳುವ ಹೊರೆ ಎರಡರಷ್ಟು ಅಂತ ಫೆಲೇಟಿ ಹೇಳಿ ನೋಡಿದ. ದೊಡ್ಡಪ್ಪ ಸಮಿಯು ಡಬ್ಬಿಯ ಮೇಲಿನ ಅಕ್ಷರ ನೋಡಿದ, ಮಗನ ಮುಖ ನೋಡಿದ, ಹೊಸದನ್ನೇ ಹಾಕಿ ಅಂದ.

ಫೆಲೇಟಿ ಸುಮ್ಮನಿರಬೇಕಿತ್ತು. ಇರಲಿಲ್ಲ. "ಇದರೊಳಗೆ ತಾಮ್ರ ಇಲ್ಲ ದೊಡ್ಡಪ್ಪ, ಗಾಳಿ ಇದೆ. ತಂದವನ ತಲೇಲಿ ಇರೋದೇ ಇದರಲ್ಲೂ ಇದೆ," ಅಂದುಬಿಟ್ಟ. ಗಂಡಸರು ಹೊಟ್ಟೆ ಹಿಡಿದು ನಕ್ಕರು. ಸಮಿಯು ಅಂಗಳದಲ್ಲಿ ಹಂದಿ ಸುಡುತ್ತಿದ್ದ ಕಡೆಗೆ ಹೋದ. ಕೆಪುವಿನ ಕಿವಿ ಕೆಂಪಾಯಿತು. ಮೈಕು ಎತ್ತಿಕೊಂಡ. ವೈರಿನ ಇನ್ನೊಂದು ತುದಿ ಎಲ್ಲಿದೆ ಅಂತ ಆ ಗಳಿಗೆಯಲ್ಲಿ ಮರೆತಿದ್ದ.

ತಟ್ಟೆ ಒಡೆದಾಗ ನೆನಪಾಯಿತು. ಅವನ ಮುಖ ಬಿಳಿಚಿಕೊಂಡದ್ದನ್ನು ಫೆಲೇಟಿ ಕಂಡ.

ತಪ್ಪು ಮಾಡಿದವನಿಗೇ ಕೈ ಬೇಗ ಏಳುವುದು. ಫೆಲೇಟಿ ಎದ್ದು ನಿಂತದ್ದಷ್ಟೇ, ಕೆಪು ಮೈಕನ್ನೇ ಅವನ ಹುಬ್ಬಿನ ಮೇಲೆ ಬೀಸಿದ. ಧಡ್. ನಾಲ್ಕು ಸ್ಪೀಕರೂ ಹೊಡೆತವನ್ನು ಕೂಗಿ ಹೇಳಿದವು. ಮತ್ತೊಮ್ಮೆ ಬೀಸಿದ, ಮೂಗಿನ ಮೇಲೆ. ಮೂಳೆ ಮುರಿದ ಸದ್ದು ಗೋಡೆಯಷ್ಟು ದೊಡ್ಡದಾಗಿ ಬಂತು. ಒಳಗೆ ಲುಪೆಗೆ ಅಣ್ಣನ ಮುಖದ ಮೇಲೆ ಬೀಳುತ್ತಿದ್ದ ಒಂದೊಂದು ಏಟೂ ಕೇಳುತ್ತಿತ್ತು, ಅವನೇ ಎಳೆದುಕೊಟ್ಟ ವೈರಿನಲ್ಲಿ.

ಫೆಲೇಟಿ ತನ್ನ ಎರಡು ಕೈಯನ್ನೂ ಬೆನ್ನ ಹಿಂದೆ ಬೆಲ್ಟಿಗೆ ಸಿಕ್ಕಿಸಿ ಬಿಗಿಹಿಡಿದ. ಇನ್ನೊಂದು ಸಲ ಯಾರ ಮೇಲಾದರೂ ಕೈ ಮಾಡಿದರೆ ವೀಸಾ ರದ್ದು, ಸೀದಾ ವಿಮಾನ ಅಂತ ಜೈಲಿನಿಂದ ಬಿಡುವಾಗಲೇ ಹೇಳಿದ್ದರು. ಅಂಬೆಗಾಲಿಡುವ ಮೊದಲೇ ಬಿಟ್ಟುಬಂದ ದ್ವೀಪಕ್ಕೆ ಅವನನ್ನು ಎಸೆಯುತ್ತಾರೆ, ಲುಪೆ ಇಲ್ಲೇ ಉಳಿಯುತ್ತಾಳೆ. ಇದು ಕೆಪುವಿಗೂ ಗೊತ್ತಿತ್ತು. ಗೊತ್ತಿದ್ದೇ ಹೊಡೆಯುತ್ತಿದ್ದ. ಮಂಡಿಯಿಂದ ಹೊಟ್ಟೆಗೆ ಗುದ್ದಿದ. ಫೆಲೇಟಿ ಮೇಜಿನ ಮೇಲೆ ಬಿದ್ದ, ಅವನ ಹೆಗಲು ತಗುಲಿ ಸದ್ದಿನ ಗುಂಡಿ ಕೊನೆಯವರೆಗೆ ತಿರುಗಿತು. ಕೆಪುವಿನ ಕೈಯಿಂದ ಜಾರಿದ ಮೈಕು ಸ್ಪೀಕರಿನ ಬಾಯಿಗೆ ಉರುಳಿತು.

ಆಗ ಎದ್ದ ಕಿರುಚಾಟ ಇದೆಯಲ್ಲ, ಹಂದಿಯ ಕತ್ತು ಕೊಯ್ಯುವಾಗಲೂ ಅಂಥದ್ದು ಕೇಳುವುದಿಲ್ಲ. ಗಂಡಸರು ಕಿವಿ ಮುಚ್ಚಿಕೊಂಡರು. ಎರಡು ಸಾವಿರ ವ್ಯಾಟಿನ ಸುಳ್ಳು ನಾಲ್ಕು ಸ್ಪೀಕರನ್ನು ಹೊರಲಾರದೆ ಏದುಸಿರು ಬಿಟ್ಟಿತು, ಕರ್ಕಶವಾಗಿ ಗೊರಗೊರ ಅಂದಿತು, ನೀಲಿ ದೀಪ ಮಿನುಗಿ ಆರಿತು. ಸುಟ್ಟ ಪ್ಲಾಸ್ಟಿಕ್ ವಾಸನೆ.

ಅಷ್ಟರಲ್ಲಿ ಸಮಿಯು ಬಂದ, ಕೈಯಲ್ಲಿ ಹಂದಿ ತಿರುಗಿಸುತ್ತಿದ್ದ ಕಬ್ಬಿಣದ ಸಲಾಕೆ. ಮೈಕಿನ ಮಾತು ಅಂಗಳಕ್ಕೂ ಕೇಳಿತ್ತು. ಬಂದವನೇ ಮಗನ ಮೊಣಕಾಲಿಗೆ ಬೀಸಿದ. ಕೆಪು ಕುಸಿದ, ಬಾಯಿ ನೆಲಕ್ಕೆ ಬಡಿಯಿತು. ಬೆನ್ನಿಗೆ ಬೀಸಿದ, ಮತ್ತೆ ಬೀಸಿದ, ಬಿಸಿ ಕೊಬ್ಬು ಅಂಗಿಗೆ ಅಂಟಿ ಹೊಗೆಯಾಡಿತು. ಕೆಪು ಅಪ್ಪಾ ಅಪ್ಪಾ ಅಂತ ಬೇಡಿದ. ಸಮಿಯು ಅವನ ಕೂದಲು ಹಿಡಿದು ಮುಖ ಮೇಲೆತ್ತಿ ಫೆಲೇಟಿಯ ಕಡೆ ತಿರುಗಿಸಿದ.

"ಬಾ. ಹೊಡಿ. ಇಲ್ಲಿ ಯಾರೂ ಪೊಲೀಸರ ಹತ್ರ ಹೋಗಲ್ಲ."

ಅವನು ಜೈಲಿಗೆ ಹೋದ ಸಲವೂ ಎಲ್ಲರೂ ಇದನ್ನೇ ಹೇಳಿದ್ದರು.

ಫೆಲೇಟಿ ಎದ್ದ. ಮೂಗಿನಿಂದ ರಕ್ತ ತುಟಿಗೆ ಇಳಿದು ಉಪ್ಪುಪ್ಪಾಗಿತ್ತು. ಕೈಗಳು ಬೆಲ್ಟಿನಿಂದ ತಾವಾಗಿ ಹೊರಬಂದವು. ಕೆಪುವಿನ ದವಡೆ ಅಲ್ಲೇ ಇತ್ತು, ಒಂದೇ ಗುದ್ದಿಗೆ ಎರಡು ತುಂಡಾಗುವಂತೆ. ಫೆಲೇಟಿಯ ಇಡೀ ಮೈ ಆ ಗುದ್ದಿಗೆ ಬಾಯಿಬಿಟ್ಟುಕೊಂಡು ನಿಂತಿತ್ತು.

"ಹೊಡೀತೀಯೋ ಇಲ್ವೋ? ಇವತ್ತು ಸುಮ್ನಿದ್ರೆ ಲುಪೆಗೊಬ್ಬ ಅಣ್ಣ ಇದಾನೆ ಅಂತ ಈ ಕೇರೀಲಿ ಯಾರು ನಂಬ್ತಾರೆ?" ಸಮಿಯು ಮಗನ ಮುಖವನ್ನು ಇನ್ನಷ್ಟು ಮುಂದಕ್ಕೆ ತಳ್ಳಿದ. ಗಂಡಸರು ಕಾದರು.

ಫೆಲೇಟಿ ಬಗ್ಗಿದ. ಸತ್ತ ಆಂಪ್ಲಿಫೈಯರಿನ ಬೆನ್ನಿನಿಂದ ಮನೆಗೆ ಹೋಗುವ ವೈರಿನ ಎರಡು ಎಳೆಯನ್ನೂ ಕಿತ್ತ. ಇನ್ನು ಇಲ್ಲಿ ಯಾರು ಏನು ಬೊಗಳಿದರೂ ಅಲ್ಲಿಗೆ ಹೋಗುವುದಿಲ್ಲ. ಮೂಲೆಯಲ್ಲಿದ್ದ ತನ್ನ ಕಪ್ಪು ಪೆಟ್ಟಿಗೆಯನ್ನು ಎರಡೂ ತೋಳಲ್ಲಿ ಎತ್ತಿ ಎದೆಗೆ ಅವಚಿಕೊಂಡ. ಅದು ಕೈಯಲ್ಲಿ ಇರುವಷ್ಟು ಹೊತ್ತು ಕೈ ಇನ್ನೊಂದಕ್ಕೆ ಹೋಗದು, ಅಷ್ಟು ಭಾರ.

ಯಾರೋ ಉಗಿದರು. ಉಗುಳು ಅವನ ಪಾದದ ಪಕ್ಕ ಬಿತ್ತು. ನೆಲದಿಂದ ಕೆಪು, ಬಾಯಿ ತುಂಬ ರಕ್ತ ಇಟ್ಟುಕೊಂಡೇ, "ಹೋಗೇ, ಹೋಗು, ಗಂಡ ಕಾಯ್ತಿದಾನೆ," ಅಂದ.

ಅಂಗಳದಲ್ಲಿ ಹಂದಿ ಒಂದೇ ಮಗ್ಗುಲಿಗೆ ಕರಕಲಾಗುತ್ತಿತ್ತು. ಬೇಲಿಯಾಚೆ ಪಕ್ಕದ ಮನೆಯವನು ಫೋನು ಕಿವಿಗಿಟ್ಟುಕೊಂಡು ನಿಂತಿದ್ದ. ಮನೆಯ ಕಿಟಕಿಯಲ್ಲಿ ಲುಪೆಯ ನೆರಳಿತ್ತು. ಅಣ್ಣನ ಮುಖ ನೋಡಬಾರದೆಂದು ಅವಳು ಬೆನ್ನು ತಿರುಗಿಸಿ ನಿಂತಿದ್ದಳು, ಆದರೆ ಕಿಟಕಿ ಬಿಟ್ಟು ಸರಿದಿರಲಿಲ್ಲ.

ಫೆಲೇಟಿ ಗೇಟನ್ನು ಮೊಣಕಾಲಲ್ಲಿ ತಳ್ಳಿ ರಸ್ತೆಗಿಳಿದ. ಹಿಂದಿನಿಂದ ದೊಡ್ಡಪ್ಪ ಅವನ ಹೆಸರು ಹಿಡಿದು ಕೂಗಿದ, ಮತ್ತೆ ಕೂಗಿದ. ಅವನು ಪೆಟ್ಟಿಗೆಯನ್ನು ಒಮ್ಮೆ ಮೇಲಕ್ಕೆ ಸರಿಪಡಿಸಿಕೊಂಡು ನಡೆಯುತ್ತಲೇ ಹೋದ.