ಎಡತೋಳು

ನನ್ನ ಟ್ರಂಕಿನಲ್ಲಿ ಅರ್ಧಕ್ಕೆ ನಿಂತ ಹೆಣಿಕೆಗಳು ಒಂಬತ್ತಿದ್ದವು. ಜೊತೆಯಿಲ್ಲದ ಒಂದು ಕಾಲುಚೀಲ, ಕಿವಿಯವರೆಗೆ ಬಂದು ನಿಂತ ಕುಲಾಯಿ, ಬೆನ್ನು ಮಾತ್ರ ಇರುವ ಸ್ವೆಟರು. ಇನ್ನು ಕೆಲವು ಏನಾಗಬೇಕೆಂದು ಹೊರಟಿದ್ದವೋ ನನಗೇ ಮರೆತುಹೋಗಿತ್ತು. ಒಂದು ಕುಣಿಕೆ ತಪ್ಪಿತೆಂದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಿಚ್ಚಿ ಸರಿಮಾಡುವಷ್ಟು ತಾಳ್ಮೆ ಯಾರಿಗಿದೆ? ಅದನ್ನು ಟ್ರಂಕಿಗೆ ಒಗೆದು ಹೊಸದನ್ನು ಶುರು ಮಾಡುತ್ತಿದ್ದೆ. ಗಂಡ ಗುರುಶಿದ್ದಪ್ಪ ಹುಬ್ಬಳ್ಳಿಯ ರೈಲ್ವೆ ಕಾರಖಾನೆಯ ಗೆಳೆಯರ ಮುಂದೆ ನನ್ನನ್ನು ‘ಅರ್ಧಮರ್ಧ ರುಕ್ಮವ್ವ’ ಎಂದು ಕರೆದು ನಗಿಸುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ.

ಎರಡನೆಯ ಮಹಾಯುದ್ಧದ ಲಡಾಯಿ ನಾಲ್ಕನೆಯ ವರ್ಷಕ್ಕೆ ಕಾಲಿಟ್ಟಿದ್ದ ಆ ಚಳಿಗಾಲದಲ್ಲಿ, ಒಂದು ಸೋಮವಾರ, ಧಾರವಾಡದಿಂದ ಕಾಗದ ಬಂತು. ಹೆಣ್ಣುಮಕ್ಕಳ ಸಾಲೆಯ ಹಿರಿಯ ಶಿಕ್ಷಕಿ ಚನ್ನಬಸವ್ವ ಅಕ್ಕೋರು ಬರೆದಿದ್ದರು. ಕೆಲಗೇರಿಯ ನನ್ನ ಅಪ್ಪ ಜವಾನನಾಗಿದ್ದದ್ದು ಅದೇ ಸಾಲೆಯಲ್ಲಿ, ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದದ್ದೂ ಅಲ್ಲೇ. ಹೊಲಿಗೆ, ಹೆಣಿಕೆ ಕಲಿಸುವಾಕೆ ಕೆಲಸ ಬಿಡುತ್ತಿದ್ದಾಳೆ. ಆ ಕೆಲಸ ನಿನಗೆ ಬೇಕಿದ್ದರೆ ಬರುವ ಸೋಮವಾರ ನಿನ್ನ ಕೈಯಿಂದಲೇ ಆದ, ಪೂರಾ ಮುಗಿದ ಒಂದು ಸ್ವೆಟರು ತಂದು ತೋರಿಸು. ‘ಪೂರಾ ಮುಗಿದ’ ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದರು. ನನ್ನನ್ನು ಅವರು ಚೆನ್ನಾಗಿ ಬಲ್ಲರು.

ಗಂಡ ಕಾಗದ ಓದಿಸಿಕೊಂಡು, "ಸಿಕ್ಕರ ಹೋಗು, ನಾ ಏನೂ ಅನ್ನೂದಿಲ್ಲ. ಸಿಗಲಿಲ್ಲಂದ್ರ ನೌಕರಿ ಸುದ್ದಿ ಮತ್ತ ಈ ಮನ್ಯಾಗ ತಗೀಬ್ಯಾಡ," ಅಂದ.

ನನಗೆ ಆ ಕೆಲಸ ಬೇಕೇ ಬೇಕಾಗಿತ್ತು. ಬೈರಿದೇವರಕೊಪ್ಪದ ಆ ಮನೆಗೆ ಬಂದು ಐದು ವರ್ಷವಾಗಿತ್ತು. ಅದೇ ಒಲೆ, ಅದೇ ಕೊಡ, ಪಡಸಾಲೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅದೇ ಅತ್ತೆಯ ರಾಟೆಯ ಕಿರುಗುಟ್ಟುವ ಸದ್ದು. ಕೂತಲ್ಲಿ ಕೂಡಲಾಗದೆ, ನಿಂತಲ್ಲಿ ನಿಲ್ಲಲಾಗದೆ ದಿನ ಕಳೆಯುತ್ತಿದ್ದೆ. ಯಾರ ಮೇಲೆ ಸಿಟ್ಟು ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಮಂಗಳವಾರ ಟ್ರಂಕು ತೆಗೆದು ಕೂತೆ. ಬೆನ್ನು ಮುಗಿದ ಸ್ವೆಟರಿಗೆ ನುಸಿ ಬಿದ್ದಿತ್ತು. ಉಳಿದವುಗಳಲ್ಲಿ ಒಂದರ ನೂಲು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಬುಧವಾರ ಗುಲಾಬಿ ಬಣ್ಣದ ಉಣ್ಣೆ ಹುಡುಕಿಕೊಂಡು ಹುಬ್ಬಳ್ಳಿ ಪೇಟೆಗೆ ಹೋದರೆ ಬಾಬುಸಾಬ ತನ್ನ ಅಂಗಡಿಯ ಖಾಲಿ ಕಪಾಟು ತೋರಿಸಿ, "ಉಣ್ಣಿ ಎಲ್ಲಾ ಲಡಾಯಿಗೆ ಹೋಗೈತ್ರಿ ಬಾಯಾರ. ಸೂಜಿ ಸೈತ ಇಲ್ಲ. ಇದ್ದದ್ದು ಜ್ವಾಕಿ ಮಾಡ್ರಿ," ಅಂದ. ನನ್ನ ಹತ್ತಿರ ಇದ್ದದ್ದು ಒಂದೇ ಜೊತೆ ಸೂಜಿ. ಬರಿಗೈಯಲ್ಲಿ ಬಿಸಿಲಲ್ಲಿ ನಡೆದು ಮನೆಗೆ ಬಂದೆ.

ಅತ್ತೆ ಸತ್ಯವ್ವ ಪಡಸಾಲೆಯಲ್ಲಿ ನೂಲುತ್ತಿದ್ದಳು. ನಮ್ಮ ಮನೆತನದಲ್ಲಿ ಹೆಂಗಸರು ಕುರಿ ಉಣ್ಣೆ ನೂಲುತ್ತಾರೆ, ಗಂಡಸರು ಕಂಬಳಿ ನೇಯುತ್ತಾರೆ. ನೇಯುವವರು ಕಾಲು ಇಳಿಬಿಟ್ಟು ಕೂಡುವ ಮಗ್ಗದ ಕುಣಿಗೆ ಹೆಂಗಸು ಇಳಿಯುವ ಪದ್ಧತಿಯೇ ಇಲ್ಲ. ಮಾವ ಮೈಲಾರಲಿಂಗಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು, ಮಗ ಕಾರಖಾನೆ ಸೇರಿದ್ದ, ಮಗ್ಗದ ಕುಣಿ ಮುಚ್ಚಿ ಅದರ ಮೇಲೆ ಕಾಳಿನ ಚೀಲ ಇಟ್ಟಾಗಿತ್ತು. ಆದರೂ ಅತ್ತೆ ನೂಲುವುದನ್ನು ಬಿಟ್ಟಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿದ್ದರೂ ಎಳೆ ಒಂದೇ ಸಮ. ನೇಯುವವರಿಲ್ಲದ ಆ ನೂಲಿನ ಉಂಡೆಗಳು ಅಟ್ಟದ ಮೇಲೆ ಬುಟ್ಟಿಗಟ್ಟಲೆ ಬಿದ್ದಿದ್ದವು.

ಅಂದು ಬೆಳಕಿಂಡಿಯ ಬಿಸಿಲು ಅತ್ತೆಯ ಮುಂದಿದ್ದ ಬುಟ್ಟಿಯ ಮೇಲೆ ಬಿದ್ದಿತ್ತು. ಕರಿ ಎಂದು ನಾನು ಇಷ್ಟು ದಿನ ಮೂಗು ಮುರಿದಿದ್ದ ನೂಲಿನಲ್ಲಿ ಎಷ್ಟೊಂದು ಬಣ್ಣ! ಕಪ್ಪು, ಬೆಲ್ಲದ ಕಂದು, ಬೂದಿ, ಕೆನೆಬಿಳಿ. ಕಂಬಳಿಯ ಅಂಚಿನಲ್ಲಿ ಇರುವ ಹಾಗೆ ಕಪ್ಪಿನ ನಡುವೆ ಒಂದು ಬಿಳಿ ಪಟ್ಟೆ, ಎರಡು ಕಂದು ಪಟ್ಟೆ ಬಂದರೆ? ಗುಲಾಬಿ ಉಣ್ಣೆಗಾಗಿ ಊರೆಲ್ಲ ಅಲೆದು ಬಂದ ನನ್ನ ಹುಚ್ಚುತನಕ್ಕೆ ನನಗೇ ನಾಚಿಕೆಯಾಯಿತು.

ಅತ್ತೆಯನ್ನು ಕೇಳಬೇಕಿತ್ತು. ಕೇಳಲಿಲ್ಲ. ಕಂಬಳಿ ನೂಲನ್ನು ನನ್ನ ಸೂಜಿಗಳ ಕಡ್ಡಿಯಾಟಕ್ಕೆ ಕೊಡು ಎಂದರೆ ಬೈದಾಳು ಎಂದು ಹೆದರಿ, ಅಟ್ಟ ಹತ್ತಿ ನಾಲ್ಕು ಉಂಡೆ ಸೆರಗಿನಲ್ಲಿ ಕಟ್ಟಿಕೊಂಡು ಇಳಿದೆ. ಹತ್ತು ವರ್ಷದ ಹುಡುಗಿಯ ಅಳತೆಗೆ ಶುರು ಮಾಡಿದೆ. ನೂಲು ಒರಟು, ಬೆರಳು ಕೆಂಪಾದವು, ಆದರೆ ಕೆಲಸ ಭರಭರ ಸಾಗಿತು. ರೊಟ್ಟಿ ಹೊತ್ತಿಸಿದೆ, ಬೈಸಿಕೊಂಡೆ, ಮತ್ತೆ ಬಂದು ಸೂಜಿ ಹಿಡಿದೆ. ಶನಿವಾರ ಮಧ್ಯಾಹ್ನಕ್ಕೆ ಬೆನ್ನು, ಎದೆ, ಬಲತೋಳು ಮುಗಿದಿದ್ದವು. ಎಡತೋಳೊಂದು ಬಾಕಿ. ಸ್ವೆಟರನ್ನು ಹೊರಸಿನ ಮೇಲಿಟ್ಟು ನೀರು ತರಲು ಹೋದೆ.

ಬರುವಷ್ಟರಲ್ಲಿ ಅತ್ತೆ ಅದನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದಳು. ಹತ್ತೂ ಬೆರಳು ಅದರ ಮೇಲೆ ಓಡಾಡುತ್ತಿದ್ದವು.

"ಇದು ನನ್ನ ನೂಲು," ಅಂದಳು.

ಸುಳ್ಳು ಹೇಳಿ ಉಪಯೋಗವಿರಲಿಲ್ಲ. "ಹೌದ್ರಿ ಅತ್ತಿ. ಕೇಳದ ತಗೊಂಡೆ. ತಪ್ಪಾತ್ರಿ."

"ಅದಿರಲಿ. ನೇಯ್ದವರು ಯಾರು?"

"ನಾನರಿ."

"ಮಗ್ಗ ಎಲ್ಲೈತಿ?"

"ಮಗ್ಗ ಬೇಕಾಗೂದಿಲ್ರಿ. ಎರಡು ಸೂಜಿ ಇದ್ರ ಆತು."

ಅತ್ತೆ ಸ್ವೆಟರನ್ನು ಹಿಂದುಮುಂದು ತಿರುವಿ ಮುಟ್ಟಿ ನೋಡಿದಳು. ಆಮೇಲೆ ಅವಳಿಗೆ ಬಂದ ಸಿಟ್ಟು ನಾನು ಎಣಿಸಿದ ಸಿಟ್ಟಲ್ಲ.

"ನಲವತ್ತು ವರ್ಷ ನೂತೇನಿ, ರುಕ್ಮವ್ವ. ಕೈಯಾಗಿಂದ ಬಿಡೂತನಕ ಅಷ್ಟ ಅದು ನನ್ನ ನೂಲು. ಕಂಬಳಿ ಆದಮ್ಯಾಲ ಅದು ನಿಮ್ಮ ಮಾವನ ಕಂಬಳಿ. ಜನ ಅವನನ್ನ ಹೊಗಳಿದ್ರು, ನಾ ಒಳಗ ಕುಂತು ಕೇಳಿದೆ. ಐದು ವರ್ಷಾತು, ಈ ಕಡ್ಡಿ ಟಿಕಟಿಕ ಅನ್ನೂದು ಕೇಳಾಕತ್ತೇನಿ. ಹುಡುಗಾಟ ಅಂತ ತಿಳದಿದ್ದೆ. ಹೆಂಗಸು ಕುಂತಲ್ಲೇ ಅರಿವಿ-ಬಟ್ಟಿ ಮಾಡಬಹುದು ಅಂತ ಒಂದು ದಿನ ನನಗ ಯಾಕ ಹೇಳಲಿಲ್ಲ ನೀ?"

ಆ ಐದು ವರ್ಷದಲ್ಲಿ ನಾನು ಅವಳ ರಾಟೆಯನ್ನು ಬೈದುಕೊಂಡಿದ್ದೆನೇ ಹೊರತು ಅವಳ ಪಕ್ಕದಲ್ಲಿ ಕೂತಿರಲಿಲ್ಲ.

"ಕಲಸು," ಅಂದಳು.

"ಮಂಗಳವಾರ ಕಲಸತೇನ್ರಿ ಅತ್ತಿ. ಸೋಮವಾರ ಇದನ್ನ ಒಯ್ಯಬೇಕು. ಇರೂದು ಒಂದ ಜೋಡಿ ಸೂಜಿ."

"ಮಂಗಳವಾರ ಅನ್ನೂದನ್ನ ನಾ ಭಾಳ ಕೇಳೇನಿ. ಈಗ ಕಲಸು."

ನಾಲ್ಕು ಸಾಲು ಮಾಡಿ ಬೇಸರ ಬಂದು ಬಿಟ್ಟಾಳು ಎಂದುಕೊಂಡು ಎಡತೋಳಿನ ಕುಣಿಕೆ ಎತ್ತಿ ಕೊಟ್ಟೆ. ಅವಳ ಬೆರಳ ಮೇಲೆ ನನ್ನ ಬೆರಳಿಟ್ಟು ಹೇಳಿದೆ: ಚುಚ್ಚು, ಸುತ್ತು, ಎಳೆ, ಬಿಡು. ಹತ್ತು ಸಲ ತಪ್ಪಿದಳು, ಹತ್ತು ಸಲವೂ ನಾನು ಹಲ್ಲು ಕಚ್ಚಿಕೊಂಡು ಮತ್ತೆ ಹೇಳಿದೆ. ಅತ್ತೆ ಬೇಸರಗೊಳ್ಳಲಿಲ್ಲ. ನಾಲ್ಕು ಸಾಲಾಯಿತು, ಎಂಟಾಯಿತು, ಸೂಜಿ ಕೈಬಿಡಲಿಲ್ಲ. "ಸಾಕ್ರಿ, ಇಲ್ಲಿ ಕೊಡ್ರಿ" ಎಂದರೆ "ಇನ್ನೊಂದು ಸಾಲು" ಎನ್ನುವಳು. ನಾನು ಒಳಗೆ ಹೋಗುವೆ, ಹೊರಗೆ ಬರುವೆ, ಅಂಗಳ ಗುಡಿಸಿದ್ದನ್ನೇ ಮತ್ತೆ ಗುಡಿಸುವೆ. ಕಸಿದುಕೊಳ್ಳಲು ಎರಡು ಸಲ ಕೈ ಚಾಚಿದೆ. ಎರಡು ಸಲವೂ ಅವಳ ಮುಖ ನೋಡಿ ಕೈ ಹಿಂದಕ್ಕೆ ತಂದುಕೊಂಡೆ. ಭಾನುವಾರ ದೀಪ ಹಚ್ಚುವ ಹೊತ್ತಿಗೆ ತೋಳು ಮುಗಿಯಿತು. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ, ನಡುವೆ ಬಿಟ್ಟ ಕುಣಿಕೆಯ ತೂತು. ಇನ್ನು ಬಿಚ್ಚಿ ಹೆಣೆಯಲು ಹೊತ್ತೆಲ್ಲಿದೆ? ಅದನ್ನೇ ಹೊಲಿದು ಕೂಡಿಸಿದೆ.

ಸೋಮವಾರ ಇದ್ದಲಿನ ಹೊಗೆಯಿಂದ ಓಡುವ ಮೋಟಾರು ಬಸ್ಸು ದಾರಿಯಲ್ಲಿ ಎರಡು ಕಡೆ ಕೆಟ್ಟು ನಿಂತಿತು. ಧಾರವಾಡ ಮುಟ್ಟುವವರೆಗೆ ನಾನು ಹೇಳಬೇಕಾದ ಸುಳ್ಳುಗಳನ್ನು ಪೋಣಿಸುತ್ತಿದ್ದೆ. ಅವಸರದಲ್ಲಿ ಕೈ ತಪ್ಪಿತು ಎನ್ನಲೇ, ಜ್ವರ ಬಂದಿತ್ತು ಎನ್ನಲೇ.

ಚನ್ನಬಸವ್ವ ಅಕ್ಕೋರು ಸ್ವೆಟರನ್ನು ಕಿಟಕಿಯ ಬೆಳಕಿಗೆ ಹಿಡಿದರು. ಪಟ್ಟೆಯ ಮೇಲೆ ಕೈಯಾಡಿಸಿ, "ಈ ಬಣ್ಣ ಛಲೋ ಕೂಡಿಸೀದಿ. ಎಲ್ಲೂ ನೋಡಿದ್ದಿಲ್ಲ," ಅಂದರು. ಆಮೇಲೆ ಅವರ ಬೆರಳು ಎಡತೋಳಿನ ತೂತಿನೊಳಗೆ ಹೋಯಿತು. "ಇದು ನಿನ್ನ ಕೈಯಲ್ಲ."

ಪೋಣಿಸಿದ್ದ ಸುಳ್ಳೊಂದೂ ಬಾಯಿಗೆ ಬರಲಿಲ್ಲ. "ಅಲ್ರಿ ಅಕ್ಕೋರ. ನಮ್ಮತ್ತೀದು. ಅರವತ್ತು ದಾಟೇತಿ, ಕಣ್ಣು ಕಾಣೂದಿಲ್ಲ. ಶನಿವಾರ ಕಲಿಸಿದೆ, ನಿನ್ನೆ ಮುಗಿಸಿದಳು."

ಅಕ್ಕೋರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಒಂದು ಕುಲಾಯಿ ಮುಗಸಾಕ ತಾಳ್ಮಿ ಇರಲಿಲ್ಲ ನಿನಗ. ಕಣ್ಣಿಲ್ಲದಾಕಿಗೆ ಎರಡು ದಿನದಾಗ ಕಲಿಸಿದಿ?" ಸ್ವೆಟರನ್ನು ಮಡಚಿ ನನ್ನ ಕಡೆ ಸರಿಸಿದರು. "ಒಂದನೇ ತಾರೀಖಿಗೆ ಕೆಲಸಕ್ಕ ಬಾ. ಆದರ ಈ ತೋಳು ಬಿಚ್ಚಿ, ನೆಟ್ಟಗ ಮಾಡಿಕೊಂಡು ತಾ. ಹುಡುಗ್ಯಾರ ಮುಂದ ಇಂಥಾದ್ದನ್ನ ಹಿಡದು ತೋರಸಾಕ ಬರೂದಿಲ್ಲ."

ಕೆಲಸ ಸಿಕ್ಕಿತ್ತು. ಕುಣಿದಾಡಬೇಕಿತ್ತು. ಹಿಂದಿರುಗುವ ಮೋಟಾರಿನಲ್ಲಿ ಸ್ವೆಟರಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಎಡತೋಳನ್ನೇ ಸವರುತ್ತ ಕೂತಿದ್ದೆ. ನಲವತ್ತು ವರ್ಷಕ್ಕೆ ಅವಳ ಕೈಯಲ್ಲಿ ಆದ ಒಂದೇ ಒಂದು ಗೇಣು ಬಟ್ಟೆ. ಅದನ್ನು ಬಿಚ್ಚು ಎಂದು ಯಾವ ಬಾಯಲ್ಲಿ ಹೇಳಲಿ?

ಅತ್ತೆ ಬಾಗಿಲಲ್ಲೇ ಕೂತಿದ್ದಳು. ಸೂಜಿಗಳು ಮಡಿಲಲ್ಲಿದ್ದವು. ಕೆಲಸದ ಮಾತು ಕೇಳಲಿಲ್ಲ. "ನನ್ನ ತೋಳು ನೋಡಿದ್ರೇನು? ಏನಂದ್ರು?" ಅಂದಳು.

ಛಲೋ ಆಗಿದೆ ಅಂದರು ಎಂದು ಹೇಳಿಬಿಡುವುದಿತ್ತು. ಅವಳು ತಲೆ ಎತ್ತಿ ನನ್ನ ದನಿ ಬರುವ ಕಡೆಗೆ ಮುಖ ಮಾಡಿ ಕಾಯುತ್ತಿದ್ದಳು. ನನಗೆ ಆಗಲಿಲ್ಲ.

"ಬಿಚ್ಚಬೇಕಂತ್ರಿ ಅತ್ತಿ," ಅಂದೆ. "ಭಾಳ ತಪ್ಪು ಆಗ್ಯಾವಂತ."

ಅತ್ತೆಯ ಕೈ ಗಂಟಿನೊಳಗೆ ಹೋಗಿ ಎಡತೋಳನ್ನು ಹುಡುಕಿ ಹಿಡಿಯಿತು. ತೂತಿನ ಸುತ್ತ ಬೆರಳಾಡಿಸಿದಳು. ಅಳು ತಡೆಯಲಾಗದೆ ನಾನು ಮೂಗೆಳೆದೆ.

"ಮಗ್ಗದಾಗ ತಪ್ಪಿದ್ರ ಕತ್ತರಿಸಿ ಒಗಿಯೂದ," ಅಂದಳು. "ಇದನ್ನ ಬಿಚ್ಚಿದ್ರ ನೂಲು ನೂಲಾಗೇ ಉಳಿತೈತೇನು?"

"ಉಳಿತೈತ್ರಿ."

"ಎಲ್ಲಾನೂ?"

"ಎಲ್ಲಾನೂ."

ಅತ್ತೆಯ ಸುಕ್ಕುಮುಖ ಹಿಗ್ಗಿತು. ಒಳಗೆ ಬಾ ಎನ್ನಲಿಲ್ಲ, ನೀರು ಕುಡಿ ಎನ್ನಲಿಲ್ಲ. ನನ್ನ ಸೆರಗು ಹಿಡಿದು ಜಗ್ಗಿ ಪಕ್ಕದಲ್ಲಿ ಕೂಡಿಸಿಕೊಂಡಳು.

"ಮತ್ತ ಅಳೂದು ಯಾಕ? ಲಗೂ ಬಿಚ್ಚು. ಮತ್ತ ನಾನ ಮಾಡತೇನಿ."